ಬಿಟ್ಟ ಪೆಟ್ಟು

ಸಿದ್ದವ್ವ ಗಂಡನ ಬಲಗಾಲನ್ನು ಮತ್ತೆ ಒಳಕ್ಕೆ ಮಡಚಿದಳು. ಅದು ಮತ್ತೆ ಹೊರಕ್ಕೆ ಜಾರಿತು. ಮೈಲಾರೆಪ್ಪನನ್ನು ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಹಣೆಗೆ ಭಂಡಾರ ಬಳಿದಾಗಿತ್ತು. ಎಡಗಾಲು ಹೇಳಿದ ಮಾತು ಕೇಳಿತ್ತು. ಬಲಗಾಲಿಗೆ ಸತ್ತ ಮೇಲೂ ಅದೇ ಹಟ.

"ಒಂದು ತುಂಡು ಅರಿವಿಲೇ ಕಟ್ಟಿಬಿಡವ್ವ," ಎಂದ ಭಾವ ಫಕ್ಕೀರೇಶ. "ಹೆಣಾ ಹೊರೂ ವಿಮಾನದಾಗಿಂದ ಕಾಲು ಜೋತಾಡಿದ್ರ ಮಂದಿ ಏನಂದಾರು?"

ಅವಳು ಕಟ್ಟಿದಳು. ರಾಣೆಬೆನ್ನೂರಿನ ಆ ಸಣ್ಣ ಮನೆ ತುಂಬ ಜನ. ಮೆಣಸಿನಕಾಯಿ ತೂಗುವುದರಲ್ಲಿ ಒಂದು ದಿನವೂ ಮೋಸ ಮಾಡದ ಮನುಷ್ಯ ಎಂದು ಎಲ್ಲರೂ ಹೊಗಳುತ್ತಿದ್ದರು. ಡ್ರಮ್ಮಿನ ಸುದ್ದಿ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಬ್ಯಾಡಗಿಯಿಂದ ಇಬ್ಬರು ಬಂದು ಬಾಗಿಲ ಬಳಿ ತಲೆ ತಗ್ಗಿಸಿ ಕುಳಿತರು: ರೇಡಿಯೊ ರಿಪೇರಿಯ ಗಂಗಾಧರ, ಮದುವೆ ಬ್ಯಾಂಡಿನ ಕುತುಬುದ್ದೀನ.

* * *

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಈ ಇಬ್ಬರೂ ಮೈಲಾರೆಪ್ಪನೂ ಸೇರಿ 'ಘಾಟು' ಎಂಬ ವಾದ್ಯತಂಡ ಕಟ್ಟಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಸೀನುತ್ತ ಕೆಮ್ಮುತ್ತ ತಾಲೀಮು ಮಾಡುವವರಿಗೆ ಬೇರೆ ಹೆಸರಾದರೂ ಯಾಕೆ ಬೇಕು? ಗಂಗಾಧರ ತಾನೇ ರಿಪೇರಿ ಮಾಡಿದ ಟೇಪ್‌ರೆಕಾರ್ಡರಿನಲ್ಲಿ ಎಲ್ಲಿಂದಲೋ ಬಂದ ಕ್ಯಾಸೆಟ್ಟು ಹಾಕಿದ್ದ. ಒಂದು ಬದಿಗೆ ನಿಧಾನವಾಗಿ ತೂಗುವ ರೆಗೆ ಸಂಗೀತ, ಇನ್ನೊಂದು ಬದಿಗೆ ಅಬ್ಬರದ ಹೆವಿ ಮೆಟಲ್. ಅವನ ರಿಪೇರಿಯ ಪುಣ್ಯದಿಂದ ಎರಡೂ ಬದಿ ಒಟ್ಟೊಟ್ಟಿಗೆ ಕೇಳಿದವು. ಇವರು ಅದೆಲ್ಲ ಒಂದೇ ಹಾಡೆಂದು ತಿಳಿದು ತಿಂಗಳುಗಟ್ಟಲೆ ಕಲಿತರು. ತಪ್ಪು ಗೊತ್ತಾಗುವ ಹೊತ್ತಿಗೆ ಹಾಡು ಅವರದೇ ಆಗಿಹೋಗಿತ್ತು.

ಗಂಗಾಧರನ ಗಿಟಾರು ಸಿಡಿಲಿನ ಹಾಗೆ ಗುಡುಗುತ್ತಿತ್ತು. ಡ್ರಮ್ಮು ಮಾತ್ರ ಊಟವಾದ ಮೇಲಿನ ನಡಿಗೆ. ಅದರಲ್ಲೂ ಮೈಲಾರೆಪ್ಪ ಪ್ರತಿ ಸುತ್ತಿನ ಮೊದಲ ಪೆಟ್ಟನ್ನು ಹೊಡೆಯದೆ ಬಿಟ್ಟುಬಿಡುತ್ತಿದ್ದ. ಐದು ವರ್ಷ ಗಣಪತಿ ಪೆಂಡಾಲುಗಳಲ್ಲಿ ಬಾರಿಸಿದರು. ಕುಣಿಯಲು ಬಂದವರು ಕಾಲೆತ್ತಿ ಎಲ್ಲಿ ಇಡಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದರು. ಹಾವೇರಿಯ ಕೊನೆಯ ಕಾರ್ಯಕ್ರಮದಲ್ಲಂತೂ ಪೆಂಡಾಲಿನಲ್ಲಿ ಉಳಿದವನು ಗಣಪತಿಯೊಬ್ಬನೇ.

ಮರುದಿನ ಸಿದ್ದವ್ವ ಹೇಳಿದ್ದಳು: "ಆ ಡ್ರಮ್ಮಾದ್ರೂ ಇರಬೇಕು, ಇಲ್ಲಾ ನಾನಾದ್ರೂ ಇರಬೇಕು."

ಅವನು ಡ್ರಮ್ಮನ್ನು ಯಾರಿಗೋ ಕೊಟ್ಟುಬಿಟ್ಟ. ಡ್ರಮ್ಮಿನ ಪೆಡಲು ತುಳಿಯುತ್ತಿದ್ದ ಬಲಗಾಲನ್ನು ಕೊಡಲಾಗಲಿಲ್ಲ. ಮಲಗಿದರೆ ಅದು ಅದೇ ತಾಳಕ್ಕೆ ಮಂಚದ ಪಟ್ಟಿಗೆ ಬಡಿಯುತ್ತಲೇ ಇತ್ತು. ಬಿಟ್ಟ ಆ ಒಂದು ಪೆಟ್ಟಿಗಾಗಿ ಕಾಯುತ್ತ ಸಿದ್ದವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಮೊದಲನೇದ್ದು ಯಾಕ ಬಿಡ್ತಿ?" ಎಂದು ಒಮ್ಮೆ ಕೇಳಿದ್ದಳು.

"ಅದನ್ನ ಹೊಡದ್ರ ಹಾಡು ಮುಗೀತೈತಿ," ಎಂದಿದ್ದ ಅವನು.

* * *

ಈಗ ಮಂಚ ಸುಮ್ಮನಾಗಿತ್ತು. ಆ ಸದ್ದಿಲ್ಲದ ಮನೆಯಲ್ಲಿ ಇನ್ನು ಮಲಗುವುದು ಹೇಗೆಂದು ಸಿದ್ದವ್ವನಿಗೆ ಹೆದರಿಕೆಯಾಯಿತು. ತಾನೇ ಬಿಡಿಸಿದ ಹಾಡು. ಅವನು ಅದನ್ನು ಕೇಳದೆ ಹೋಗಬಾರದು. ಎದ್ದು ಬಾಗಿಲಿಗೆ ಬಂದಳು.

"ಅಣ್ಣಾರ, ಅವರ ಹಾಡು ಒಮ್ಮೆ ಬಾರಸ್ರಿ."

ಗಂಗಾಧರ ಅತ್ತುಬಿಟ್ಟ. ಗಿಟಾರು ಮುಟ್ಟಿ ವರ್ಷಗಳಾದವು ಎಂದ. ಹೆಣದ ಮುಂದೆ ಇದೆಂಥ ಹುಡುಗಾಟ ಎಂದು ಫಕ್ಕೀರೇಶ ರೇಗಿದ. ಕುತುಬುದ್ದೀನ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಹೆಣದ ಮುಂದೆ ಬಾರಿಸಲು ಅಂಗಳದಲ್ಲಿ ಕಾಯುತ್ತಿದ್ದ ಹಲಗೆಯವರಿಂದ ಒಂದು ಹಲಗೆ ಇಸಿದುಕೊಂಡು ಮೆಲ್ಲಗೆ ಶುರುಮಾಡಿದ. ಮೊದಲ ಪೆಟ್ಟು ಬಿಟ್ಟೇ ಬಾರಿಸಿದ. ಹಲಗೆಯವರು ಮೊದಮೊದಲು ತಡವರಿಸಿದರು. ಆಮೇಲೆ ಅವರಿಗೂ ಅದು ಕೈಗೆ ಹತ್ತಿತು.

ಬಿದಿರಿನ ವಿಮಾನದಲ್ಲಿ ಮೈಲಾರೆಪ್ಪನನ್ನು ಕೂರಿಸಿದರು. ಸಿದ್ದವ್ವ ಕಾಲಿಗೆ ಬೀಳುವವಳಂತೆ ಬಾಗಿ, ಬಲಗಾಲಿನ ಗಂಟು ಬಿಚ್ಚಿ ಅರಿವೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಹೆಂಗಸರು ಹೊಸ್ತಿಲಲ್ಲೇ ನಿಂತರು. ನಾಲ್ಕು ಮಂದಿ ವಿಮಾನ ಹೊತ್ತು, ಹಲಗೆಯ ಸದ್ದಿಗೆ ಹೆಜ್ಜೆ ಹಾಕುತ್ತ ಓಣಿಗೆ ಇಳಿದರು. ಬಿಟ್ಟ ಪೆಟ್ಟಿನ ಜಾಗ ಬಂದಾಗ ಸಿದ್ದವ್ವ ಎಂದಿನಂತೆ ಉಸಿರು ಹಿಡಿದು ಕಾದಳು.

ಜೋತುಬಿದ್ದ ಬಲಗಾಲು ಒಮ್ಮೆ ತೂಗಿ, ಬಿದಿರಿಗೆ ಟಕ್ಕನೆ ಬಡಿಯಿತು.