ಮಣ್ಣಿಗಿಳಿದ ಫಾರಂ ಕೋಳಿ

ನಾನು ಒಂದು ಬಿಳಿ ಕೋಳಿ. ಬೆಚ್ಚಗಿನ ಯಂತ್ರವೊಂದರೊಳಗೆ, ಅದರ ಗುಂಯ್ ಎಂಬ ಸದ್ದು ಕೇಳುತ್ತಾ ಹುಟ್ಟಿದೆ. ಕಣ್ಣು ಬಿಟ್ಟಾಗ ತಲೆಯ ಮೇಲೊಂದು ಹಳದಿ ಬಲ್ಬು ಉರಿಯುತ್ತಿತ್ತು. ಅದನ್ನೇ ಅವ್ವ ಅಂದುಕೊಂಡೆ. ಜೊತೆಗೆ ಹುಟ್ಟಿದ ಮರಿಗಳೂ ಹಾಗೇ ಅಂದುಕೊಂಡಿರಬೇಕು, ಎಲ್ಲರೂ ಅದರ ಕೆಳಗೇ ಒತ್ತಿಕೊಂಡು ಮಲಗುತ್ತಿದ್ದೆವು.

ಬೆಳೆದ ಮೇಲೆ ನಮ್ಮನ್ನು ಸಿರಾ ಹತ್ತಿರದ ಒಂದು ಉದ್ದನೆಯ ಶೆಡ್ಡಿಗೆ ತಂದರು. ಅಲ್ಲಿ ತಂತಿಯ ಗೂಡುಗಳು ಒಂದರ ಮೇಲೊಂದು. ನನ್ನ ಗೂಡಿನಲ್ಲಿ ಒಬ್ಬಳು ಮಗ್ಗುಲು ಬದಲಿಸಬೇಕೆಂದರೆ ಉಳಿದವರೆಲ್ಲ ಒಪ್ಪಬೇಕಿತ್ತು. ನೆಲವೂ ತಂತಿಯದೇ. ಕಂಡಿಯಲ್ಲಿ ಇಣುಕಿದರೆ ಕೆಳಗೆ ಕತ್ತಲು. ನಮ್ಮ ಪುಕ್ಕ, ಹಿಕ್ಕೆ, ಚೆಲ್ಲಿದ ಕಾಳು ಎಲ್ಲವೂ ಅದರೊಳಗೆ ಬಿದ್ದು ಕಾಣೆಯಾಗುತ್ತಿದ್ದವು. ತಂತಿಯಿಂದ ಕಾಲು ಜಾರಿದವರ ಕಥೆ ಮುಗಿಯಿತು ಎಂದು ನಾನು ತೀರ್ಮಾನಿಸಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಬುದ್ಧಿವಂತಿಕೆ.

ಆ ನೆಲ ಮುಂದಕ್ಕೆ ಇಳಿಜಾರಾಗಿತ್ತು. ಇಟ್ಟ ಮೊಟ್ಟೆ, ತಿರುಗಿ ನೋಡುವಷ್ಟರಲ್ಲಿ ಉರುಳಿ ಹೊರಗೆ ಹೋಗಿರುತ್ತಿತ್ತು. ಹೊಟ್ಟೆಯೊಳಗೆ ಬೆಚ್ಚಗೆ ಏನೋ ಇತ್ತು, ಈಗ ಇಲ್ಲ, ಅಷ್ಟೇ ಗೊತ್ತಾಗುತ್ತಿದ್ದದ್ದು. ಅದು ನಿಜವಾಗಿ ಆದದ್ದೋ, ತೂಕಡಿಕೆಯಲ್ಲಿ ಕಂಡದ್ದೋ ಎಂದು ಅನುಮಾನವಾಗುತ್ತಿತ್ತು. ಶೆಡ್ಡಿನ ತುಂಬ ಸದಾ ಗಲಾಟೆ. ಎಲ್ಲರೂ ಕೂಗುತ್ತಿದ್ದೆವು, ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ.

ಮೊಟ್ಟೆ ಕಡಿಮೆಯಾದಾಗ ಲಾರಿ ಬಂದು ಎಲ್ಲರನ್ನೂ ತುಂಬಿಕೊಂಡು ಹೋಯಿತು. ನಮ್ಮ ಗೂಡಿನ ಬಾಗಿಲು ತುಕ್ಕು ಹಿಡಿದು ಕಚ್ಚಿಕೊಂಡಿದ್ದರಿಂದ, ಅದರೊಳಗೆ ಆ ಹೊತ್ತಿಗೆ ಬದುಕಿದ್ದ ನಾವಿಬ್ಬರು, ನಾನೂ ಒಕ್ಕಣ್ಣಿಯೂ, ಉಳಿದುಹೋದೆವು. ಒಕ್ಕಣ್ಣಿ ಎಂದರೆ ನನ್ನ ಗೂಡಿನವಳೇ, ಜಗಳದಲ್ಲಿ ಒಂದು ಕಣ್ಣು ಕಳೆದುಕೊಂಡಿದ್ದಳು. ಗೂಡು ರಿಪೇರಿಗೆ ಬಂದಿದ್ದ ಕಬ್ಬಿಣದ ಗ್ರಿಲ್ ಅಂಗಡಿಯ ಜುಂಜಣ್ಣ ಆ ಬಾಗಿಲನ್ನು ಕತ್ತರಿಸಿ ತೆಗೆದ.

"ಲಾರಿ ಹೋಯ್ತು. ನೀನೇ ತಗಂಡೋಗಣ್ಣ, ಸಾರಿಗಾಯ್ತವೆ," ಅಂದ ಶೆಡ್ಡಿನವನು.

ಸಿಮೆಂಟ್ ಚೀಲದಲ್ಲಿ ಕೂತು ಜುಂಜಣ್ಣನ ಮೊಪೆಡ್ ಮೇಲೆ ನಾವು ಮನೆಗೆ ಬಂದೆವು. ಅವನ ಹೆಂಡತಿ ಪುಟ್ಟರಂಗಮ್ಮ ಮಸಾಲೆ ರುಬ್ಬಿಟ್ಟು ಕಾಯುತ್ತಿದ್ದಳು. ಚೀಲ ಬಿಚ್ಚಿ, ಕುತ್ತಿಗೆಯೂ ಬೆನ್ನೂ ಬೋಳಾಗಿ ಕೆಂಪಗಿದ್ದ ನನ್ನನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು.

"ಪುಕ್ಕ ಎಲ್ಲಾ ಆಗ್ಲೇ ಕಿತ್ತಾಗೈತಲ್ರೀ ಇದಕ್ಕೆ, ಜೀವ ಒಂದು ಐತೆ," ಅಂದಳು. "ಮೊದ್ಲು ಮೈ ತುಂಬ್ಲಿ. ಆಮೇಲೆ ನೋಡಾನ."

ಆ 'ಆಮೇಲೆ' ಇನ್ನೂ ಬಂದಿಲ್ಲ. ರುಬ್ಬಿದ ಮಸಾಲೆಗೆ ಅವತ್ತು ಬದನೆಕಾಯಿ ಬಿತ್ತು.

ಮರುದಿನವೇ ಜುಂಜಣ್ಣ ಹುರುಪಿನಿಂದ ನಮಗೊಂದು ಮನೆ ಮಾಡಿದ. ಪಾಪ, ಫಾರಮ್ಮಿನ ಗೂಡು ಬಿಟ್ಟರೆ ಬೇರೆ ನಮೂನೆ ಅವನ ಕೈಗೆ ಬರುತ್ತಿರಲಿಲ್ಲ. ನಾಲ್ಕು ಕಬ್ಬಿಣದ ಕಾಲು, ತಂತಿಯ ನೆಲ, ಮುಂದಕ್ಕೆ ಇಳಿಜಾರನ್ನೂ ಮರೆಯದೆ ಕೊಟ್ಟಿದ್ದ. ಮೇಲೆ ಹಸಿರು ಪೇಂಟು ಬೇರೆ.

"ಜೈಲಿಂದ ಬಿಡಿಸ್ಕಂಡ್ ಬಂದು ಮನೇಲೂ ಜೈಲೇ ಕಟ್ಟಿದೀರಲ್ಲ," ಅಂದಳು ಪುಟ್ಟರಂಗಮ್ಮ.

"ಹಗಲೊತ್ತು ಬಾಗ್ಲು ತೆಗ್ದೇ ಇರ್ತೈತೆ ಕಣೇ," ಅಂದ ಅವನು, ಮುಖ ಸಣ್ಣದು ಮಾಡಿಕೊಂಡು.

ಬಾಗಿಲಿಗೆ ಹಲಗೆಯೊಂದನ್ನು ಇಳಿಬಿಟ್ಟರು. ಒಕ್ಕಣ್ಣಿ ಅವತ್ತೇ ಇಳಿದು, ಮಣ್ಣಲ್ಲಿ ಹೊರಳಿ, ತಿಪ್ಪೆ ಕೆದರಿ ಬಂದಳು. ನಾನು ಇಳಿಯಲಿಲ್ಲ. ಹಲಗೆಯ ತುದಿಯಲ್ಲಿ ಕಂದು ಬಣ್ಣದ್ದೇನೋ ಕಣ್ಣು ಹಾಯುವವರೆಗೆ ಹಬ್ಬಿತ್ತು. ಅದಕ್ಕೆ ತಂತಿಯೇ ಇರಲಿಲ್ಲ. ಕಾಲಿಟ್ಟರೆ ಮುಳುಗಿಹೋಗುತ್ತೇನೆ ಎಂದು ನನಗೆ ಖಾತ್ರಿಯಿತ್ತು. ಒಕ್ಕಣ್ಣಿ ಮುಳುಗಲಿಲ್ಲವಲ್ಲ ಎಂದು ಕೇಳಬೇಡಿ, ಹೆದರಿದವರಿಗೆ ಅದೆಲ್ಲ ತಲೆಗೆ ಹೋಗುವುದಿಲ್ಲ. ಪುಟ್ಟರಂಗಮ್ಮ ನೆನೆಸಿದ ರಾಗಿ ತೋರಿಸಿ ಕರೆದಳು, ಬೈದಳು. ಒಂದು ಸಲ ಎತ್ತಿ ನೆಲದ ಮೇಲೆ ಬಿಟ್ಟೇಬಿಟ್ಟಳು. ನಾನು ಕಾಲು ಮಡಚಿ, ಕಣ್ಣು ಮುಚ್ಚಿ, ಸತ್ತವಳಂತೆ ಬಿದ್ದುಕೊಂಡೆ. ಹೆದರಿ ಮತ್ತೆ ಎತ್ತಿಟ್ಟಳು. ಆಮೇಲೆ ನನಗೆ 'ಕೂತಕ್ಕ' ಎಂದು ಹೆಸರಾಯಿತು.

ಕೂತೇ ದಿನ ಕಳೆದೆ. ಮಧ್ಯಾಹ್ನ ಹುಣಸೆ ಮರದ ನೆರಳು ಗೂಡಿನೊಳಗೆ ಬಂದು ನನ್ನ ಬೆನ್ನ ಮೇಲೆ ಆಡಿ ಹೋಗುತ್ತಿತ್ತು. ಬೋಳು ಮೈಯಲ್ಲಿ ಪುಕ್ಕ ಮೊಳೆತು ನವೆಯಾಗುತ್ತಿತ್ತು. ಅರೆನಿದ್ದೆಯಲ್ಲಿ ನಾನು ಆ ಕಂದು ವಿಸ್ತಾರದ ಮೇಲೆ ಎಷ್ಟೋ ದೂರ ನಡೆದುಹೋಗುತ್ತಿದ್ದೆ. ಎಚ್ಚರವಾದಾಗ ಬೆರಳು ತಂತಿಯನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಅದನ್ನು ಕಂಡು ನೆಮ್ಮದಿಯೂ ಆಗುತ್ತಿತ್ತು, ದುಃಖವೂ ಆಗುತ್ತಿತ್ತು.

ಆ ಮನೆಯಲ್ಲಿ ಕರಿಯ ನಾಟಿ ಕೋಳಿಯೊಂದಿತ್ತು. ಪುಟ್ಟರಂಗಮ್ಮನ ತವರಿನ ತಳಿ. ಅವಳ ಅವ್ವ ತೀರಿಕೊಂಡ ಮೇಲೆ ತವರಿನದು ಅಂತ ಉಳಿದದ್ದು ಅದೊಂದೇ. ಕಾವಿಗೆ ಕೂತಿದ್ದ ಆ ಕೋಳಿ ನೀರು ಕುಡಿಯಲು ಎದ್ದಾಗ ಮುಂಗುಸಿ ಹೊತ್ತೊಯ್ದಿತು. ಪುಟ್ಟರಂಗಮ್ಮ ಅಳುತ್ತಲೇ ಮೊಟ್ಟೆಗಳನ್ನು ಮಡಿಲಿಗೆ ತುಂಬಿಕೊಂಡು ನನ್ನ ಹತ್ತಿರ ಬಂದಳು.

"ಇದಕ್ಕಾ? ಫಾರಂ ಕೋಳಿಗೆ ಕಾವು ಎಲ್ಲಿಂದ ಬತ್ತೈತೆ?" ಅಂದ ಜುಂಜಣ್ಣ.

"ಎದ್ದೋಗಕ್ಕೆ ಬರಲ್ವಲ್ಲ ಇದಕ್ಕೆ. ಅಷ್ಟು ಸಾಕು."

ಜುಂಜಣ್ಣ ಗೂಡಿನ ಮುಂಗಾಲಿಗೆ ಇಟ್ಟಿಗೆ ಕೊಟ್ಟು ನೆಲ ಸಮ ಮಾಡಿದ. ಅವಳು ಗೋಣಿ ಹಾಸಿ, ಹುಲ್ಲು ಹರಡಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಇಟ್ಟು, ಮೇಲೆ ನನ್ನನ್ನು ಕೂರಿಸಿದಳು.

ಮೊಟ್ಟೆ ಉರುಳಲಿಲ್ಲ. ಬಗ್ಗಿ ನೋಡಿದೆ, ಇತ್ತು. ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದೆ, ಆಗಲೂ ಇತ್ತು. ನನಗಾದ ಸಂತೋಷವನ್ನು ಹೇಗೆ ಹೇಳಲಿ. ಬಿಸಿಲು ಬಂತು, ಹೋಯಿತು, ಬೆಳದಿಂಗಳು ತುಂಬಿ ಕರಗಿತು, ನಾನು ಕದಲಲಿಲ್ಲ. ಒಂದು ಬೆಳಿಗ್ಗೆ ಹೊಟ್ಟೆಯಡಿಯಿಂದ ಸಣ್ಣ ದನಿಯೊಂದು ಕೇಳಿಸಿತು. ನನ್ನ ಗಂಟಲು ತಾನಾಗಿಯೇ ಏನೋ ಉತ್ತರ ಕೊಟ್ಟಿತು. ಆ ಭಾಷೆ ನನಗೆ ಬರುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಾಡಿಗೆಯಂಥ ಕಪ್ಪು ಮರಿಗಳು. "ನಮ್ಮವ್ವನ ಮನೆ ಕೋಳಿ ಉಳ್ಕಂತು," ಎಂದು ಪುಟ್ಟರಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮರಿಗಳೋ, ಕಾಲು ಗಟ್ಟಿಯಾದದ್ದೇ ಹಲಗೆಯಿಳಿದು ಅಂಗಳಕ್ಕೆ ಓಡಿದವು. ನಾನು ಹಲಗೆಯ ತುದಿಯಲ್ಲಿ ನಿಂತು ಬಡಕೊಂಡೆ. ಯಾವುದೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಿತು. ಪುಟ್ಟರಂಗಮ್ಮ ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದಳು. ಮರಿಗಳು ಓಡಿಬಂದು ನನ್ನ ರೆಕ್ಕೆಯಡಿ ಸೇರಿದವು, ಒಂದು ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದಾರಿ ತಪ್ಪಿ ನಿಂತಿತ್ತು. ಹುಣಸೆ ಮರದ ಕೆಳಗಿನ ಕೊಂಬೆಗೆ ಕಾಗೆಯೊಂದು ಇಳಿಯಿತು. ಮರಿ ಅತ್ತಿತು. ಅದು ಸುಮ್ಮನೆ ಕೂಗಿದ್ದಲ್ಲ, ಕರೆದದ್ದು. ನನ್ನನ್ನೇ ಕರೆದದ್ದು. ಹುಟ್ಟಿದಂದಿನಿಂದ ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ.

ಮುಳುಗಲು ಸಿದ್ಧಳಾಗಿಯೇ ಕಾಲಿಟ್ಟೆ. ಮಣ್ಣು ಮೆತ್ತಗೆ, ಬಿಸಿಲಿನ ಕಾವು ಉಳಿಸಿಕೊಂಡು, ನನ್ನನ್ನು ಹೊತ್ತುಕೊಂಡಿತು. ಓಡಿ ಗೊತ್ತಿಲ್ಲದವಳು ಎದ್ದು ಬಿದ್ದು ಓಡಿದೆ. ರೆಕ್ಕೆ ಬಿಚ್ಚಿ ಅಬ್ಬರಿಸಿದ್ದಕ್ಕೆ ಕಾಗೆ ಗಾಬರಿಯಾಗಿ ಹಾರಿತು. ಮರಿಯನ್ನು ಅಡಿಗೆ ಹಾಕಿಕೊಂಡು ಅಲ್ಲೇ ನೆಲಕ್ಕೆ ಮೈಯೂರಿದೆ. ಮೇಲೆ ದಪ್ಪ ಹನಿಗಳು ಬಿದ್ದವು.

ಬಟ್ಟೆ ಹೊತ್ತು ಇಳಿದು ಬಂದ ಪುಟ್ಟರಂಗಮ್ಮ ನನ್ನನ್ನು ನೋಡಿ ನಿಂತುಬಿಟ್ಟಳು. "ಏನ್ರೀ, ಬನ್ನಿ ಇಲ್ಲಿ," ಎಂದು ಮೆಲ್ಲಗೆ ಕರೆದಳು. "ಕೂತಕ್ಕ ಇಳಿದವ್ಳೆ."

ಈಗ ನನಗೆ ವಯಸ್ಸಾಗಿದೆ. ಮೊಟ್ಟೆ ನಿಂತುಹೋಗಿದೆ, ಕಣ್ಣು ಮಂಜು. ಆ ಮರಿಗಳ ಮರಿಗಳು ಅಂಗಳದ ತುಂಬ ಇವೆ, ಕರಿಯರ ಮನೆಗೆ ಈ ಬಿಳಿ ಅಜ್ಜಿ ಎಲ್ಲಿಂದ ಬಂದಳು ಎಂದು ಯಾವುದೂ ಕೇಳಿಲ್ಲ. ಸಂಜೆ ಬಾ ಬಾ ಎಂದು ಕರೆದರೆ ಅವೆಲ್ಲ ಗೂಡು ಸೇರುತ್ತವೆ. ನಾನು ಮಾತ್ರ ಮಣ್ಣಲ್ಲಿ ಗುಂಡಿ ಮಾಡಿಕೊಂಡು ಕೂತೇ ಇರುತ್ತೇನೆ. ಕೊನೆಗೆ ಪುಟ್ಟರಂಗಮ್ಮನೇ ಬಂದು ಎತ್ತಿಕೊಳ್ಳಬೇಕು.

"ಅವತ್ತು ಇಳಿಯಕ್ಕೆ ಒಲ್ಲೆ ಅಂದೆ, ಈಗ ಹತ್ತಕ್ಕೆ ಒಲ್ಲೆ ಅಂತೀಯಲ್ಲೇ," ಅನ್ನುತ್ತಾಳೆ ಅವಳು, ನನ್ನ ಕಾಲಿನ ಮಣ್ಣು ಅವಳ ಸೀರೆಗೆಲ್ಲ ಮೆತ್ತಿಕೊಳ್ಳುತ್ತಿರುವಾಗ.