ಮೈ ಬಿಸಿಯಾಗುವ ತನಕ

ಬೆಟಗೇರಿಯ ನೇಕಾರ ಮುದಕಪ್ಪನ ಹೃದಯ ಮಗ್ಗದ ಮುಂದೆಯೇ ನಿಂತಿತು. ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಬಡಿಯುವಂತೆ ಮಾಡಿದರು. ಆದರೆ ಅವನಿಗೆ ಎಚ್ಚರವಾಗಲಿಲ್ಲ. ಮಿದುಳನ್ನು ಉಳಿಸಲೆಂದು ಡಾಕ್ಟರು ಅವನ ಮೈಯನ್ನೇ ತಂಪು ಮಾಡಿ ಇಟ್ಟರು.

ಹೆಂಡತಿ ದ್ರಾಕ್ಷಾಯಣಿಯ ಅಣ್ಣ ತೋಟಪ್ಪ ಒಳಗೆ ಹೋಗಿ ಕಾಲು ಮುಟ್ಟಿ ನೋಡಿದ. ತಣ್ಣಗಿತ್ತು. ಹೊರಗೆ ಬಂದು ಲಕ್ಷ್ಮೇಶ್ವರಕ್ಕೆ ಫೋನ್ ಮಾಡಿದ. ಸಂಜೆಯೊಳಗೆ ನೆಂಟರು ಹೂವಿನ ಹಾರ ತಗೊಂಡು, ಭಜನೆಯವರನ್ನೂ ಕರೆದುಕೊಂಡು ಟೆಂಪೊದಲ್ಲಿ ಬಂದಿಳಿದರು.

“ಅವರು ಹೋಗಿಲ್ಲರಿ,” ಎಂದರು ಡಾಕ್ಟರು. “ಮೈ ಬಿಸಿ ಆಗೂತನಕಾ ಏನೂ ಹೇಳಾಕ ಬರೂದಿಲ್ಲ.”

ಭಜನೆಯವರು ತಾಳಗಳನ್ನು ಚೀಲಕ್ಕೆ ಹಾಕಿ, ಚಹಾ ಕುಡಿದು ವಾಪಸಾದರು. ಹಾರವನ್ನು ದೇವರಿಗೆ ಹಾಕುವಂತಿರಲಿಲ್ಲ, ಮನೆಗೆ ಒಯ್ಯುವಂತೆಯೂ ಇರಲಿಲ್ಲ. ಅದು ಬೆಂಚಿನ ಮೇಲೆ ಉಳಿಯಿತು.

“ನಿನಗ ಭಾಳ ಗಡಿಬಿಡಿ, ಅಣ್ಣಾ,” ಎಂದಳು ದ್ರಾಕ್ಷಾಯಣಿ.

ಮುಂದೆ ಮೈ ನಿಧಾನವಾಗಿ ಬಿಸಿಯಾಯಿತು. ಡಾಕ್ಟರು ಪರೀಕ್ಷೆ ಮಾಡಿದರು, ಮತ್ತೊಮ್ಮೆ ಮಾಡಿದರು, ಮಿದುಳು ಸತ್ತಿದೆ ಎಂದರು. ಆಮೇಲೆ, ಕಿಡ್ನಿ ದಾನ ಮಾಡುತ್ತೀರಾ ಎಂದು ಕೇಳಿದರು.

“ಥಂಡಿಗೆ ಕೆಟ್ಟಿರಬೇಕಲ್ಲರಿ?” ಎಂದಳು ದ್ರಾಕ್ಷಾಯಣಿ.

“ಇಲ್ಲರಿ. ಥಂಡಿಯಿಂದ ಅವಕ್ಕ ಏನೂ ಆಗಿಲ್ಲ. ಚಲೋ ಅದಾವು. ಹುಬ್ಬಳ್ಳಿ ದವಾಖಾನಿಯೊಳಗ ಇಬ್ರು ಕಿಡ್ನಿಗೆ ಕಾಯಾಕತ್ತಾರ.”

ಅವಳು ಒಪ್ಪಿದಳು. ಒಳಗೆ ಹೋಗಿ ಗಂಡನ ಅಂಗೈ ಹಿಡಿದಳು. ಬೆಚ್ಚಗಿತ್ತು.

ತೋಟಪ್ಪ ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಈಗ ಏನಂತ ಹೇಳ್ಲಿ, ತಂಗಿ? ತಣ್ಣಗಿದ್ದಾಗ ಇದ್ರು, ಬಿಸಿ ಆದಮ್ಯಾಲ ಹೋದ್ರು ಅಂದ್ರ ನನಗ ಹುಚ್ಚು ಅಂತಾರ.”

“ಅನ್ನಲಿ,” ಎಂದಳು ಅವಳು. “ಆದ್ರ ಈಗ ಹೇಳಬ್ಯಾಡ. ಕಿಡ್ನಿ ಇನ್ನೂ ಜೀವಂತ ಅದಾವು. ಅವು ಹುಬ್ಬಳ್ಳಿ ಮುಟ್ಟಿದಮ್ಯಾಲ ಹೇಳು.”