ಜಗಳ ನಿಂತ ಮನೆ

ಕ್ವಾಂಗ್ ಮೇಸ್ತ್ರಿಗೆ ಆಗಿರುವುದು ಹೊಟ್ಟೆಹುಣ್ಣು ಎಂದು ವಾರ್ಡಿನವರೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಹೆಂಡತಿ, ಮಗ, ನರ್ಸುಗಳು, ಕೊನೆಗೆ ನೆಲ ಒರೆಸುವವಳು ಕೂಡ. ಅದು ಹುಣ್ಣಲ್ಲ, ಜಠರದ ಕ್ಯಾನ್ಸರು, ಲಿವರಿಗೂ ಹಬ್ಬಿದೆ ಎಂಬುದು ಮೇಸ್ತ್ರಿಯೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಚೀನಾದ ಜಿಂಗ್‌ಝೌನಲ್ಲಿ ಇದೇನು ಹೊಸದಲ್ಲ. ರೋಗಿಗೆ ಹೇಳುವುದೋ ಬಿಡುವುದೋ ಮನೆಯವರ ತೀರ್ಮಾನ, ಡಾಕ್ಟರು ತಲೆಯಾಡಿಸಿ ಸುಮ್ಮನಾಗುತ್ತಾರೆ.

ಬಿನಿತಾ ಪರಿಯಾರ್ ತಲೆಯಾಡಿಸುವುದನ್ನು ಇನ್ನೂ ಸರಿಯಾಗಿ ಕಲಿತಿರಲಿಲ್ಲ. ಡಾಕ್ಟರಿಕೆ ಓದಲು ನೇಪಾಳದ ಧನಕುಟಾದಿಂದ ಬಂದು ಆರು ವರ್ಷವಾಗಿತ್ತು. ಶುಕ್ರವಾರ ಕೊನೆಯ ಪರೀಕ್ಷೆ, ಅದಾದ ಮೇಲೆ ತರಬೇತಿ ಪತ್ರಕ್ಕೆ ವಾರ್ಡಿನ ಮುಖ್ಯಸ್ಥೆ ಶಾವ್ ಮೇಡಂ ಸಹಿ. ಆ ಸಹಿ ಇಲ್ಲದೆ ಊರಿಗೆ ಹೋದರೆ ಆರು ವರ್ಷವೂ ನೀರಲ್ಲಿ ಹೋಮ.

ಅಂದು ಬೆಳಿಗ್ಗೆಯೂ ಮೇಡಂ ಅವಳನ್ನು ಬಾಗಿಲ ಬಳಿ ತಡೆದಿದ್ದರು. "ಹದಿನೇಳನೇ ಬೆಡ್ ನಿನ್ನದು. ಆ ಮುದುಕ ಭಾಳ ಕಿಲಾಡಿ, ಹೊರಗಿನವಳು ಅಂತ ನಿನ್ನನ್ನೇ ಕೆದಕ್ತಾನೆ. ಬಾಯಿ ಜಾರಿದ್ರೆ ಸಹಿ ಮರೆತುಬಿಡು."

ಮೇಸ್ತ್ರಿ ಬಟ್ಟೆ ಗಿರಣಿಯಲ್ಲಿ ನಲವತ್ತು ವರ್ಷ ಯಂತ್ರಗಳನ್ನು ರಿಪೇರಿ ಮಾಡಿದವರು. ಎಲ್ಲಿ ಸದ್ದು ಬದಲಾಯಿತೆಂದು ಕೇಳಿಯೇ ಹೇಳಬಲ್ಲ ಕಿವಿ. ಹೆಂಡತಿ ಬಿಸಿನೀರು ತರಲು ಫ್ಲಾಸ್ಕ್ ಹಿಡಿದು ಹೊರಟಿದ್ದೇ ತಡ, ರಕ್ತದೊತ್ತಡ ನೋಡುತ್ತಿದ್ದ ಬಿನಿತಾಳ ಮಣಿಕಟ್ಟನ್ನು ಹಿಡಿದೇಬಿಟ್ಟರು.

"ಡಾಕ್ಟ್ರಮ್ಮ, ನಂಗೇನಾಗಿದೆ?"

"ಹುಣ್ಣು ತಾತ."

"ಅದೇ ರಾಗ! ನನ್ನ ಮಗನೂ ಹಿಂಗೇ ಹೇಳ್ತಾನೆ, ಗೋಡೆ ನೋಡ್ಕೊಂಡು." ಕೈ ಬಿಡಲಿಲ್ಲ. "ಹುಟ್ಟಿದಾಗಿಂದ ನನ್ನ ಒಂದು ಮಾತಿಗೂ ಹೂಂ ಅಂದವನಲ್ಲ ಅವನು. ಎರಡು ವಾರದಿಂದ ಹೇಳಿದ್ದಕ್ಕೆಲ್ಲ 'ಸರಿ ಅಪ್ಪ, ಸರಿ ಅಪ್ಪ'. ನನ್ನ ಹೆಂಡ್ತಿ ಬೈಯೋದೇ ಬಿಟ್ಟಿದಾಳೆ. ಮನೇಲಿ ಜಗಳ ನಿಂತ್ರೆ ಏನರ್ಥ ಹೇಳು?"

ಬಿನಿತಾಳ ಕಣ್ಣು ಬಾಗಿಲ ಮೇಲೆಯೇ ಇತ್ತು.

"ಕಾಯಿಲೆ ಏನಂತ ಕೇಳ್ತಿಲ್ಲ, ಅದು ನಂಗೆ ಗೊತ್ತಾಗಿದೆ. ನನ್ನ ಮೊಮ್ಮಗ ಊರಾಚೆ ಹಾಸ್ಟೆಲಿನಲ್ಲಿದಾನೆ. ಜೂನ್ ಎಂಟಕ್ಕೆ ಅವನ ಕಾಲೇಜು ಪ್ರವೇಶ ಪರೀಕ್ಷೆ ಮುಗಿಯತ್ತೆ, ಆಮೇಲೆ ಕರ್ಕೊಂಡು ಬರ್ತೀವಿ ಅಂತಾರೆ. ನಾನು ಅಲ್ಲೀವರ್ಗೂ ಮಾತಾಡೋ ಹಂಗಿರ್ತೀನಾ? ಅಷ್ಟು ಹೇಳು ಸಾಕು."

ಇವತ್ತು ಮೇ ಹದಿನಾಲ್ಕು. ಸ್ಕ್ಯಾನ್ ವರದಿ ಅವಳ ಕಣ್ಣ ಮುಂದೆ ಬಂತು. ಉತ್ತರ ಅವಳಿಗೆ ಗೊತ್ತಿತ್ತು, ಸಹಿಯ ಬೆಲೆಯೂ ಗೊತ್ತಿತ್ತು. "ನಂಗೆ ಗೊತ್ತಿಲ್ಲ ತಾತ," ಎಂದಳು. ಹೇಳುವಾಗ ತಾನೂ ಗೋಡೆಯನ್ನೇ ನೋಡುತ್ತಿದ್ದುದು ತಿಳಿದು ನಾಚಿಕೆಯಾಯಿತು.

ಮೇಸ್ತ್ರಿ ಕೈ ಬಿಟ್ಟರು. ಸಿಟ್ಟು ಮಾಡಲಿಲ್ಲ. ಅವಳ ಬಿಳಿ ಕೋಟನ್ನು ನೋಡುತ್ತ ಬೇರೆ ಮಾತೆತ್ತಿದರು. "ಫೋನಿನಲ್ಲಿ ನಿನ್ನನ್ನ ಗಿರ್ರನೆ ತಿರುಗಿಸ್ತಿದ್ದ ಮನುಷ್ಯ ಎಲ್ಲಿ?"

ಆ ಮನುಷ್ಯ ಅವಳ ಅಪ್ಪ. ಧನಕುಟಾದ ದರ್ಜಿ, ಆ ಕೋಟು ಹೊಲಿದದ್ದು ಅವನೇ. ದಿನಾ ಮಧ್ಯಾಹ್ನ ಕಾರಿಡಾರಿನಲ್ಲಿ ವಿಡಿಯೊ ಕರೆ ಮಾಡಿ "ತಿರುಗು, ಭುಜದ ಹೊಲಿಗೆ ತೋರ್ಸು, ಕತ್ತೆ ಥರ ಬ್ಯಾಗ್ ಹೊತ್ತು ಹಾಳು ಮಾಡಿದೀಯ" ಎಂದು ಗದರುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. ಭಾಷೆ ತಿಳಿಯದ ರೋಗಿಗಳೂ ಅಪ್ಪ ಮಗಳ ಕಿತ್ತಾಟ ಕೇಳಿ ನಗುತ್ತಿದ್ದರು.

"ಬಟ್ಟೆ ತರೋಕೆ ಧರಾನ್ ಪೇಟೆಗೆ ಹೋಗಿದಾರೆ. ಅಲ್ಲಿ ಸಿಗ್ನಲ್ ಸಿಗಲ್ವಂತೆ."

"ಎಂಟು ದಿನದಿಂದಲೂ?"

"ಹೂಂ."

"ನಿಮ್ಮನೇಲೂ ಯಾರಾದ್ರೂ ಇದ್ದಕ್ಕಿದ್ದಂಗೆ ಒಳ್ಳೆಯವರಾಗಿದಾರಾ?"

ಬಿನಿತಾಳ ಕೈ ಜೇಬಿನ ಫೋನಿಗೆ ಹೋಯಿತು. ತಮ್ಮ ಸುಜನ್ ಅವಳನ್ನು ಗೂಬೆ ಎಂದಲ್ಲದೆ ಅಕ್ಕ ಎಂದು ಕರೆದವನಲ್ಲ. ಎಂಟು ದಿನದಿಂದ ಬರೀ "ದಿದಿ, ಊಟ ಆಯ್ತಾ ದಿದಿ". ವಿಡಿಯೊ ಆಫ್, ನೆಟ್‌ವರ್ಕ್ ಸರಿಯಿಲ್ಲ ಎಂಬ ನೆಪ. ಅಮ್ಮ ಉತ್ತರ ಕೊಡುವ ಮೊದಲೇ ನಗುತ್ತಿದ್ದಳು. ಪರೀಕ್ಷೆಯ ಓದಿನಲ್ಲಿ ಮುಳುಗಿದ್ದ ಇವಳು ಎಲ್ಲವನ್ನೂ ನಂಬಿದ್ದಳು. ನಂಬುವುದು ಸುಲಭವಾಗಿತ್ತು, ಅಷ್ಟೆ.

ಅಲ್ಲೇ ನಿಂತು ಕರೆ ಮಾಡಿದಳು. ಸುಜನ್ ಎತ್ತಿದ.

"ವಿಡಿಯೊ ಹಾಕು."

"ದಿದಿ, ನೆಟ್‌ವರ್ಕು..."

"ಹಾಕ್ತೀಯೋ, ಇವತ್ತೇ ವಿಮಾನ ಹತ್ತಲೋ?"

ಬಹಳ ಹೊತ್ತಿನ ಮೇಲೆ ಮುಖ ಮೂಡಿತು. ಮೇ ತಿಂಗಳ ಸೆಕೆಯಲ್ಲಿ ಮೈಮೇಲೆ ಜಾಕೆಟ್ಟು, ಕಿವಿಯವರೆಗೆ ಎಳೆದುಕೊಂಡ ಉಣ್ಣೆಯ ಟೋಪಿ.

"ಟೋಪಿ ತೆಗಿ."

"ದಿದಿ, ಶುಕ್ರವಾರ ಆಗಿಬಿಡ್ಲಿ..."

"ಸುಜನ್, ಟೋಪಿ ತೆಗಿಯೋ!"

ತೆಗೆದ. ತಲೆ ನುಣ್ಣಗೆ ಬೋಳಿಸಿತ್ತು. ಜಾಕೆಟ್ಟಿನ ಸಂದಿಯಿಂದ ಸೂಜಿ ತಾಗದ ಬಿಳಿ ಬಟ್ಟೆ ಕಾಣುತ್ತಿತ್ತು. ಊರಿಗೆಲ್ಲ ಹೊಲಿದುಕೊಟ್ಟವನ ಮಗ ಅಪ್ಪನ ಸೂತಕಕ್ಕೆ ಹೊಲಿಯದ ಬಟ್ಟೆ ಸುತ್ತಿಕೊಂಡಿದ್ದ. "ಅಪ್ಪಾನೇ ಹೇಳಿದ್ರು ಕಣೇ," ಎಂದು ಬಿಕ್ಕಿದ. "ಮೂರು ದಿನ ಆಸ್ಪತ್ರೇಲಿದ್ರು. ಅವಳು ಓದ್ಲಿ, ಹೇಳ್ಬೇಡಿ ಅಂದ್ರು. ಕೊನೇಲಿ ನಿನ್ನನ್ನೇ ಕೇಳ್ತಿದ್ರು. ಹೋಗಿ ಐದು ದಿನ ಆಯ್ತು."

ಮೂರು ದಿನ. ಮಾತಾಡಬಹುದಾಗಿದ್ದ ಮೂರು ದಿನ. ಅವಳಿಗೆ ಅಳುವಿಗಿಂತ ಮೊದಲು ಕೆಟ್ಟ ಕೋಪ ಬಂತು. ಅಪ್ಪನ ಮೇಲೆ, ಅಮ್ಮನ ಮೇಲೆ, ಈ ವಾರ್ಡಿನ ಮೇಲೆ, ಗೋಡೆ ನೋಡಿಕೊಂಡು ಗೊತ್ತಿಲ್ಲ ಎಂದ ತನ್ನ ಮೇಲೆ. ಕರೆ ಕಡಿದಳು.

ಅಷ್ಟರಲ್ಲಿ ಅಜ್ಜಿ ಫ್ಲಾಸ್ಕಿನೊಂದಿಗೆ ಒಳಗೆ ಬಂದರು. ಮೇಸ್ತ್ರಿ ಥಟ್ಟನೆ ನಗು ತಂದುಕೊಂಡು, "ಬರೀ ಹುಣ್ಣಂತೆ ಕಣೆ, ಈ ಹುಡುಗೀನೂ ಅದೇ ಅಂದ್ಲು," ಎಂದರು. ಅವಳನ್ನು ಉಳಿಸಲೆಂದೇ ಹೇಳಿದ ಮಾತದು. ಬಿನಿತಾ ಹೊರಗೆ ನಡೆದುಬಿಡಬಹುದಿತ್ತು.

ನಡೆಯಲಿಲ್ಲ. ಮುದುಕನ ಮುಖವನ್ನೇ ನೋಡಿ ಹೇಳಿದಳು. "ಜೂನ್ ಎಂಟಕ್ಕೆ ಕಾಯಬೇಡಿ ತಾತ. ಮೊಮ್ಮಗನನ್ನ ಈ ಭಾನುವಾರವೇ ಕರೆಸ್ಕೊಳ್ಳಿ."

ಅಜ್ಜಿ ಫ್ಲಾಸ್ಕನ್ನು ಮೆಲ್ಲಗೆ ಕೆಳಗಿಟ್ಟರು. ಬಿನಿತಾಳನ್ನು ನೋಡಿದರು, ಗಂಡನನ್ನು ನೋಡಿದರು. ಗಂಡನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅದನ್ನು ಕಂಡು ಅವರ ಬಾಯಿಯ ಕಟ್ಟೆ ಒಡೆಯಿತು.

"ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ನನ್ನ ಹತ್ರ ನಾಟಕ ಆಡಿದ್ಯಾ, ಹಾಳು ಮುದುಕ! ಹೊಟ್ಟೆ ನೋವು ಅಂದಾಗ್ಲೇ ತೋರ್ಸು ಅಂತ ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದೀಯ ನೀನು?" ಬೈಯುತ್ತ ಬೈಯುತ್ತ ಅತ್ತರು, ಅಳುತ್ತಲೇ ಬೈದರು. ಮೇಸ್ತ್ರಿ ದಿಂಬಿಗೊರಗಿ, ಕೆಟ್ಟಿದ್ದ ಯಂತ್ರ ಮತ್ತೆ ಓಡುವುದನ್ನು ಕೇಳುವವರಂತೆ ಕೇಳಿಸಿಕೊಂಡರು.

ಗದ್ದಲಕ್ಕೆ ಶಾವ್ ಮೇಡಂ ಓಡಿಬಂದರು. ಕಣ್ಣು ನೇರ ಬಿನಿತಾಳ ಮೇಲೆ. "ಯಾರು ಹೇಳಿದ್ದು?"

ಬಿನಿತಾ ಬಾಯಿ ತೆರೆದಳು.

"ನಾನೇ," ಎಂದರು ಅಜ್ಜಿ, ಮೂಗು ಒರೆಸಿಕೊಳ್ಳುತ್ತ. "ನಲವತ್ತಾರು ವರ್ಷ ಸಂಸಾರ ಮಾಡಿದೀನಿ. ಗಂಡನ ಹತ್ರ ಒಂದು ಮಾತಾಡೋಕೆ ನಿಮ್ಮ ಸಹಿ ಬೇಕಾ?"

ಮೇಡಂ ನಂಬಿದರೋ ಇಲ್ಲವೋ. ಬಿನಿತಾಳ ಹತ್ತಿರ ಬಂದು ಅವಳ ಒದ್ದೆ ಮುಖವನ್ನು ನೋಡಿ, ದನಿ ತಗ್ಗಿಸಿ ಕೇಳಿದರು. "ಅವರ ಮನೆ ವಿಷಯಕ್ಕೆ ನೀನ್ಯಾಕಮ್ಮ ಅಳ್ತಿದೀಯ?"

ಅವಳ ಕೈ ಕೋಟಿನ ಭುಜದ ಹೊಲಿಗೆಯ ಮೇಲಿತ್ತು. ಅದು ಎಲ್ಲೂ ಬಿಟ್ಟಿರಲಿಲ್ಲ.

"ನಮ್ಮಪ್ಪ ಹೋದ್ರು ಮೇಡಂ," ಎಂದಳು. "ಐದು ದಿನ ಆಯ್ತಂತೆ."